ಸೇನಾಧಿಪತಿ ಸತ್ತ ಮೇಲೆ

ಕೆಲಸಕ್ಕೆ ಸೇರಿದ ದಿನವೇ ಅವಳು ನಮ್ಮ ಭಾವನ ಹೊಟ್ಟೆಯನ್ನು ಹಿಡಿದುಹಾಕಿದಳು.

ಬೂತಿನೊಳಗೆ ಭಾವ ಮೈಕಿನ ಮುಂದೆ ನಿಂತು ಯಾವುದೋ ಸಿನಿಮಾದ ನಾಯಕನ ಪರವಾಗಿ ಪ್ರೇಮ ನಿವೇದಿಸುತ್ತಿದ್ದರು. ದನಿ ಜೇನಿನಲ್ಲಿ ಅದ್ದಿ ತೆಗೆದಂತಿತ್ತು. ಗಾಜಿನ ಈಚೆ ನಾವೆಲ್ಲ ಕರಗಿ ಕೂತಿದ್ದೆವು. ಅವಳು ಮಾತ್ರ ಹೆಡ್‌ಫೋನನ್ನು ಕಿವಿಗೊತ್ತಿಕೊಂಡು, ರೆಕಾರ್ಡಿಂಗ್ ನಿಲ್ಲಿಸಿ, ಬೂತಿಗೆ ಕೇಳಿಸುವ ಗುಂಡಿ ಅದುಮಿ ಹೇಳಿದಳು:

"ಸರ್, ‘ನೀನಿಲ್ಲದೆ ನಾನಿಲ್ಲ’ ಅನ್ನೋವಾಗ ನಿಮ್ಮ ಹೊಟ್ಟೆ ಗುರ್ ಅಂತು. ಏನಾದ್ರೂ ತಿಂದು ಬನ್ನಿ."

ಭಾವನಿಗೆ ಹಾಗೆ ಹೇಳಿದವರು ಆವರೆಗೆ ಹುಟ್ಟಿರಲಿಲ್ಲ. ಹುಟ್ಟಿದ್ದರೂ ನಮ್ಮ ಸ್ಟುಡಿಯೋಗೆ ಬಂದಿರಲಿಲ್ಲ. ನಿರ್ದೇಶಕರು ಬಾಯಿ ತೆರೆದವರು ಹಾಗೇ ಉಳಿದರು. ಅಕ್ಕನ ಕೈಯಲ್ಲಿದ್ದ ಕಾಫಿ ಲೋಟ ಅರ್ಧ ದಾರಿಯಲ್ಲಿ ನಿಂತಿತು. ಭಾವ ತಮ್ಮ ಹೊಟ್ಟೆಯನ್ನು, ಅದು ಬೇರೆ ಯಾರದೋ ಎಂಬಂತೆ, ಬಗ್ಗಿ ನೋಡಿಕೊಂಡರು.

"ಇವಳು ಮನುಷ್ಯಳಲ್ಲ ಕಣಯ್ಯ, ಬರೀ ಕಿವಿ," ಅಂದರು ಆಮೇಲೆ ನನಗೆ.

"ಎರಡು ಕಿವಿ ಇದೆ ಸರ್," ಅಂದಳು ಅವಳು, ಹಿಂದಿನಿಂದ.

ಅವತ್ತಿನಿಂದ ಅವಳು ನಮಗೆ ಕಿವಿ. ಅವಳಿಗೇನೂ ಬೇಸರವಾಗಲಿಲ್ಲ. ಕೂಗಲು ಸುಲಭ, ಬೇಗ ಮುಗಿಯುತ್ತದೆ ಎಂದಳು.

ನಮ್ಮದು ಎರಡಂತಸ್ತಿನ ಮನೆ. ಮೇಲೆ ಅಕ್ಕನ ಸಂಸಾರ, ಕೆಳಗೆ ಅಕ್ಕನ ಡಬ್ಬಿಂಗ್ ಸ್ಟುಡಿಯೋ. ಪರಭಾಷೆಯ ಸಿನಿಮಾಗಳು ಇಲ್ಲಿಗೆ ಮೂಗರ ಹಾಗೆ ಬಂದು ನಮ್ಮ ಮಾತು ಕಲಿತು ಹೋಗುತ್ತವೆ. ಅವರ ತುಟಿಯ ಅಳತೆಗೆ ನಮ್ಮ ಮಾತನ್ನು ಹೊಲಿದುಕೊಡುವ ದರ್ಜಿ ನಾನು. ತುಟಿ ಮುಚ್ಚಿದ ಮೇಲೂ ಮಾತು ಉಳಿದರೆ ಕತ್ತರಿ, ಮಾತು ಮುಗಿದ ಮೇಲೂ ತುಟಿ ಆಡಿದರೆ ತೇಪೆ. ಹೊಲಿದದ್ದನ್ನು ತೊಟ್ಟುಕೊಳ್ಳುವವರು ಭಾವ. ಅವರ ಗಂಟಲಲ್ಲಿ ರಾಜರು, ರೌಡಿಗಳು, ಮುದುಕರು, ಮೂಗುಕಟ್ಟಿದ ವಕೀಲರು, ಒಂದೆರಡು ಮಾತಾಡುವ ಕತ್ತೆಗಳು ಎಲ್ಲ ಬಾಡಿಗೆಗಿದ್ದರು.

ಅದರಲ್ಲೂ ಸಾಯುವುದರಲ್ಲಿ ಭಾವ ಎತ್ತಿದ ಕೈ. ಬಾಣ ತಗುಲಿ, ವಿಷ ಕುಡಿದು, ಹಡಗಿನ ಜೊತೆ ಮುಳುಗಿ, ಸತ್ತು ಸತ್ತು ಸಂಸಾರ ಸಾಕಿದವರು. ಅಭ್ಯಾಸ ತಪ್ಪಬಾರದೆಂದು ಮನೆಯಲ್ಲೂ ಸಾಯುತ್ತಿದ್ದರು. ಕಾಫಿಗೆ ಸಕ್ಕರೆ ಕಡಿಮೆಯಾದರೆ ಗಂಟಲು ಹಿಡಿದುಕೊಂಡು, ಕಣ್ಣು ಮೇಲೆ ಮಾಡಿ, ಅಡುಗೆಮನೆಯ ಹೊಸ್ತಿಲಿಗೆ ಅಡ್ಡಬೀಳುತ್ತಿದ್ದರು. ಅಕ್ಕ ಅವರನ್ನು ದಾಟಿಕೊಂಡು ಹೋಗಿ ಸಕ್ಕರೆ ಡಬ್ಬ ತರುತ್ತಿದ್ದಳು.

ಈ ಸಾವುಗಳಿಗೆ ಅವರದೊಂದು ಉಪಾಯವಿತ್ತು. ಬಾಯಿ ಒಣಗಿದರೆ ಮೈಕಿಗೆ ಚಪ್ ಚಪ್ ಕೇಳಿಸುತ್ತದೆಂದು ನಮ್ಮ ಕಸುಬಿನವರು ಸೇಬಿನ ಹೋಳು ತಿಂದು ಬೂತಿಗೆ ಹೋಗುತ್ತಾರೆ. ಭಾವ ಸಾಯುವ ದೃಶ್ಯವಿದ್ದರೆ ಒಂದು ಹೋಳನ್ನು ತಿನ್ನದೆ ದವಡೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಬಾಯಿ ತುಂಬ ರಕ್ತವಿರುವವನ ದನಿ ಅದರಿಂದ ತಾನಾಗಿ ಬರುತ್ತಿತ್ತು. ಕೇಳಿದವರ ಮೈ ಜುಂ ಅನ್ನುತ್ತಿತ್ತು.

ಕಿವಿಯನ್ನು ಕೆಲಸಕ್ಕೆ ತೆಗೆದುಕೊಂಡವಳು ಅಕ್ಕ. ಮೂವತ್ತರ ಆಸುಪಾಸಿನ, ಧ್ವನಿ ತಂತ್ರಜ್ಞಾನ ಓದಿದ ಹುಡುಗಿ. ಸಂದರ್ಶನದಲ್ಲಿ ಕುರ್ಚಿಗೆ ಕೂರುವ ಮೊದಲೇ ಷರತ್ತು ಹಾಕಿದ್ದಳು. "ನನಗೆ ಆಟಿಸಂ ಇದೆ. ಮುಖ ನೋಡಿ ಮಾತಾಡು ಅನ್ನಬೇಡಿ, ಮುಖ ನೋಡಿದ್ರೆ ಮಾತು ಕೇಳಿಸಲ್ಲ ನನಗೆ. ಸೂಕ್ಷ್ಮವಾಗಿ ಹೇಳಿದ್ರೆ ಅರ್ಥ ಆಗಲ್ಲ, ಬಾಯಿಬಿಟ್ಟು ಹೇಳಿ. ಆ ಟ್ಯೂಬ್‌ಲೈಟ್ ತೆಗೆಸಿ, ಕಿರುಚುತ್ತಿದೆ."

ಆ ಟ್ಯೂಬ್‌ಲೈಟಿನ ಕೆಳಗೆ ನಾವು ವರ್ಷಗಟ್ಟಲೆ ಕೂತಿದ್ದೆವು. ಅದು ಕಿರುಚಿದ್ದನ್ನು ಯಾರೂ ಕೇಳಿರಲಿಲ್ಲ. ಆದರೆ ನಮ್ಮ ಎಲ್ಲ ರೆಕಾರ್ಡಿಂಗಿನ ತಳದಲ್ಲೂ ಸೊಳ್ಳೆಯಂಥ ಒಂದು ಸಣ್ಣ ರಾಗವಿತ್ತು. ಅಕ್ಕ ಅದಕ್ಕಾಗಿ ಮೆಷಿನ್ನುಗಳನ್ನೆಲ್ಲ ಬಿಚ್ಚಿಸಿ ಕಟ್ಟಿಸಿ ಸುಸ್ತಾಗಿದ್ದಳು. ಟ್ಯೂಬ್‌ಲೈಟ್ ಇಳಿಸಿದ ದಿನ ಸೊಳ್ಳೆ ಸತ್ತಿತು. ಅವತ್ತು ರೆಕಾರ್ಡ್ ಮಾಡಿದ ಟೇಕನ್ನು ಅಕ್ಕ ಎರಡು ಸಲ ಕೇಳಿ, ಏನೂ ಮಾತಾಡದೆ ಮಹಡಿ ಹತ್ತಿ ಹೋದಳು. ಅವಳು ಮಾತಾಡದಿದ್ದರೆ ಮೆಚ್ಚಿದ್ದಾಳೆ ಎಂದೇ ಲೆಕ್ಕ.

ಕಿವಿಗೆ ಅಕ್ಕ ಕೊಟ್ಟದ್ದು ಪರೀಕ್ಷಾ ಅವಧಿಯ ಕೆಲಸ. ಅದು ಮುಗಿಯುವ ಹೊತ್ತಿಗೆ ಖಾಯಂ ಮಾಡಬೇಕು, ಇಲ್ಲವೇ ಕಳಿಸಬೇಕು. ಕಳಿಸಬೇಕೆಂದು ಪಟ್ಟು ಹಿಡಿದವರು ನಿರ್ದೇಶಕರು.

ನಿರ್ದೇಶಕರು ನಮ್ಮ ಅನ್ನದಾತರು. ಸಿನಿಮಾಗಳನ್ನು ಹಿಡಿದು ತರುವವರು ಅವರೇ. ಎತ್ತರದ ಆಳು, ಬಾಯಲ್ಲಿ ಸದಾ ಒಂದೇ ಮಾತು: ಫ್ಲೋ. ನಲ್ಲಿ ರಿಪೇರಿಯವರೂ ಅಷ್ಟು ಸಲ ಫ್ಲೋ ಅನ್ನಲಿಕ್ಕಿಲ್ಲ. ಕಿವಿ ಟೇಕ್ ನಿಲ್ಲಿಸಿದಾಗಲೆಲ್ಲ ಅವರು ಎದೆ ಹಿಡಿದುಕೊಳ್ಳುತ್ತಿದ್ದರು. "ಹೋಯ್ತು. ಫ್ಲೋ ಹೋಯ್ತು." ಕುರ್ಚಿ ಕಿರ್ ಅಂತು, ನಿಲ್ಲಿಸಿದಳು. ಭಾವನ ಅಂಗಿಯ ತೋಳು ಮೈಕಿಗೆ ಸವರಿತು, ನಿಲ್ಲಿಸಿದಳು. ಮಹಡಿ ಮೇಲೆ ಅಕ್ಕ ಮಂಚ ಸರಿಸಿದಳು, ನಿಲ್ಲಿಸಿ ಅಕ್ಕನಿಗೇ ಫೋನ್ ಮಾಡಿದಳು. ಪ್ರತಿಸಲವೂ ತಪ್ಪು ಇದ್ದೇ ಇತ್ತು. ಅದೇ ನಿರ್ದೇಶಕರಿಗೆ ತಡೆಯಲಾಗದ್ದು.

"ಮೇಡಂ, ಅವಳಿರಬೇಕು ಇಲ್ಲ ನಾನಿರಬೇಕು," ಅಂದರು ಅಕ್ಕನಿಗೆ. "ಈ ಯುದ್ಧದ ಸಿನಿಮಾ ಮುಗಿಯೋದರೊಳಗೆ ಹೇಳಿಬಿಡಿ."

ಅಕ್ಕ ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದಳು. "ನಿನಗೆ ಮಾತು ಬರುತ್ತೆ. ನೋವಾಗದ ಹಾಗೆ ಹೇಳು."

ನನಗೆ ಮಾತು ಬರುವುದು ನಿಜ, ಬರಬೇಕಾದ ಹೊತ್ತಿಗೆ ಬರುವುದಿಲ್ಲ. ಕಿವಿ ಒಬ್ಬಳೇ ವೈರುಗಳನ್ನು ಸುತ್ತಿಡುತ್ತಿದ್ದಾಗ ಪಕ್ಕ ಕೂತೆ. ಶುರುವಿಗೆ ನಗಿಸೋಣವೆಂದು ನಿರ್ದೇಶಕರ ದನಿಯಲ್ಲಿ, "ಫ್ಲೋ ಹೋಯ್ತು, ಫ್ಲೋ," ಅಂದೆ.

"ಹತ್ತಿರ ಬಂದಿದೆ," ಅಂದಳು ವೈರಿನ ಕಡೆ ನೋಡುತ್ತಲೇ. "ಆದ್ರೆ ಅವರು ಫ್ಲೋ ಅನ್ನೋ ಮೊದಲು ಮೂಗಲ್ಲಿ ಉಸಿರು ಎಳ್ಕೋತಾರೆ. ನೀವು ಎಳ್ಕೊಳ್ಳಲಿಲ್ಲ."

ಕಾಲೇಜಿನ ವೇದಿಕೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದ ಗಂಟಲು ನನ್ನದು. ಗಂಟಲು ಕೆರೆದುಕೊಂಡು ದಾರಿ ಬದಲಿಸಿದೆ.

"ನೋಡಿ, ಎಲ್ಲ ಪ್ರಯಾಣಕ್ಕೂ ಒಂದು ನಿಲ್ದಾಣ ಅಂತ ಇರುತ್ತೆ, ಅಲ್ವಾ?"

"ನಾನು ನಡ್ಕೊಂಡು ಬರ್ತೀನಿ ಸರ್."

"ಅದಲ್ಲ. ಒಂದು ಹಕ್ಕಿ ಅಂತ ಇಟ್ಕೊಳ್ಳಿ. ಅದು ಒಂದೇ ಕೊಂಬೆ ಮೇಲೆ ಎಷ್ಟು ದಿನ ಕೂತಿರುತ್ತೆ?"

ಅವಳು ಕೈಯ ಕೆಲಸ ನಿಲ್ಲಿಸಿ ಪ್ರಾಮಾಣಿಕವಾಗಿ ಯೋಚಿಸಿದಳು. "ಅದು ಯಾವ ಹಕ್ಕಿ ಅನ್ನೋದರ ಮೇಲೆ ಹೋಗುತ್ತೆ."

ನಾನು ಇನ್ನೊಂದು ರೂಪಕ ಹುಡುಕುತ್ತಿದ್ದಾಗ ಅವಳೇ ಕೇಳಿದಳು: "ಸರ್, ನನ್ನ ಕೆಲಸದಿಂದ ತೆಗೀತಿದ್ದೀರಾ?"

"ಹೌದು," ಅಂದೆ.

"ಯಾಕೆ?"

"ಟೇಕ್ ನಿಲ್ಲಿಸ್ತೀರಿ ಅಂತ."

"ತಪ್ಪು ಇಲ್ಲದೆ ನಿಲ್ಲಿಸಿದ್ದು ಯಾವುದಾದ್ರೂ ಇದ್ಯಾ?"

"ಇಲ್ಲ."

"ಹಾಗಾದ್ರೆ ತಪ್ಪು ಮಾಡಿದವರನ್ನ ತೆಗೀಬೇಕಲ್ವಾ?"

"ತಪ್ಪು ಮಾಡಿದ್ದು ನಮ್ಮ ಭಾವ. ಅವರನ್ನ ತೆಗೀಬೇಕು ಅಂದ್ರೆ ಅಕ್ಕ ವಿಚ್ಛೇದನ ಕೊಡಬೇಕಾಗುತ್ತೆ."

"ಅದಕ್ಕೆ ತುಂಬ ದಿನ ಹಿಡಿಯುತ್ತೆ," ಅಂದಳು. ತಮಾಷೆಯಲ್ಲ, ಲೆಕ್ಕ ಹಾಕಿಯೇ ಹೇಳಿದಳು. ಆಮೇಲೆ ವೈರನ್ನು ಮತ್ತೆ ಸುತ್ತಲು ಶುರು ಮಾಡಿದಳು. ಸುತ್ತಿದ್ದನ್ನು ಬಿಚ್ಚಿದಳು, ಮತ್ತೆ ಸುತ್ತಿದಳು. "ಒಂದು ರೂಮ್ ನೋಡಿದ್ದೆ ಸರ್. ಈಗ ತಂಗಿ ಮನೇಲಿ ಹಾಲ್‌ನಲ್ಲಿ ಮಲಗ್ತೀನಿ. ಟಿವಿ ಇದೆ, ಎರಡು ಮಕ್ಕಳಿದ್ದಾರೆ, ಅವಳ ಗಂಡ ಜೋರಾಗಿ ಸೀನ್ತಾನೆ. ಈ ರೂಮಿನ ಗೋಡೆ ಯಾರ ಮನೆಗೂ ಅಂಟಿಲ್ಲ, ಸದ್ದೇ ಇರಲ್ಲ. ಕೆಲಸ ಖಾಯಂ ಆದ್ರೆ ಮಾತ್ರ ಕೊಡ್ತೀವಿ ಅಂದಿದ್ದಾರೆ."

ಇದಕ್ಕಿಂತ ಮೊದಲು ಎಲ್ಲೆಲ್ಲಿ ಕೆಲಸ ಮಾಡಿದ್ದಿರಿ ಎಂದು ಕೇಳಿದೆ. ಹೇಳಿದಳು. ಎಲ್ಲ ಕಡೆಯಿಂದಲೂ ಕಳಿಸಿದ್ದರು. ಯಾರೂ ಕಾರಣ ಹೇಳಿರಲಿಲ್ಲವಂತೆ. ಎಲ್ಲರೂ ಹಕ್ಕಿಯ ವಿಷಯ, ದಾರಿಯ ವಿಷಯ ಮಾತಾಡಿದ್ದರಂತೆ. ಮನೆಗೆ ಹೋದ ಮೇಲೆ ತಂಗಿ ಅರ್ಥ ಹೇಳಿದ್ದಳಂತೆ.

ನಾನು ಎದ್ದು ಮಹಡಿಗೆ ಹೋಗಿ ಅಕ್ಕನ ಮುಂದೆ ನಿಂತೆ. ಹೇಳಿದೆಯಾ ಎಂದು ಕೇಳಿದಳು. ಹೇಳುವುದಕ್ಕೆ ಹೋದೆ, ಅವಳೇ ಹೇಳಿಬಿಟ್ಟಳು ಅಂದೆ. ರೂಮಿನ ವಿಷಯವನ್ನೂ ಹೇಳಿದೆ. ಅಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದಳು. ಒಂದು ಅಂಗಿಯನ್ನು ಎಷ್ಟು ಹೊತ್ತು ಮಡಿಸಿದಳೆಂದರೆ ಅದು ಕರವಸ್ತ್ರದಷ್ಟಾಯಿತು.

ಮರುದಿನ ಬೆಳಿಗ್ಗೆ ಅಕ್ಕ ತಾನೇ ಕೆಳಗಿಳಿದು ಬಂದಳು. ಅವತ್ತು ಯುದ್ಧದ ಸಿನಿಮಾದ ಕೊನೆಯ ದೃಶ್ಯ: ಮುದಿ ಸೇನಾಧಿಪತಿ ಎದೆಗೆ ಈಟಿ ಚುಚ್ಚಿಸಿಕೊಂಡು ಮಾತಾಡುತ್ತ ಮಾತಾಡುತ್ತ ಸಾಯಬೇಕು. ನಿರ್ದೇಶಕರಿಗೆ ಅದು ಒಂದೇ ಟೇಕಿನಲ್ಲಿ, ಎಲ್ಲೂ ಕತ್ತರಿಸದೆ ಬೇಕಾಗಿತ್ತು. ಅಕ್ಕ ಅವರ ಜೊತೆ ಅದೇನು ಕೊಸರಾಡಿದಳೋ, ಕಿವಿಯ ಪಕ್ಕ ಬಂದು ನಿಂತಳು.

"ನೋಡಮ್ಮ, ಬಾಯಿಬಿಟ್ಟೇ ಹೇಳ್ತೀನಿ. ಈ ಒಂದು ಟೇಕ್ ನಿಲ್ಲಿಸಬೇಡ. ನಿಲ್ಲಿಸದೆ ಇದ್ರೆ ನಿರ್ದೇಶಕರು ಒಪ್ಕೊಂಡಿದ್ದಾರೆ, ಕೆಲಸ ಖಾಯಂ. ನಿಲ್ಲಿಸಿದ್ರೆ ಇವತ್ತೇ ಕೊನೆ, ನನ್ನ ಕೈಲೂ ಏನೂ ಇಲ್ಲ."

"ಏನೇ ಆದ್ರೂ ನಿಲ್ಲಿಸಬಾರದಾ?"

"ಏನೇ ಆದ್ರೂ."

"ಬೆಂಕಿ ಬಿದ್ರೆ?"

"ಅಧಿಕಪ್ರಸಂಗ ಮಾಡಬೇಡ."

"ಕೇಳಿದೆ ಅಷ್ಟೆ," ಅಂದಳು ಕಿವಿ. "ಸರಿ. ನಿಲ್ಲಿಸಲ್ಲ."

ಅವಳು ಹೆಡ್‌ಫೋನ್ ಹಾಕಿಕೊಂಡು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅವುಗಳ ಮೇಲೆ ಕೂತಳು.

ಭಾವ ಒಂದು ಹೋಳು ಸೇಬನ್ನು ದವಡೆಗೆ ಸೇರಿಸಿ, ನಮ್ಮ ಕಡೆ ತಿರುಗಿ ಯೋಧನ ವಂದನೆ ಸಲ್ಲಿಸಿ ಬೂತಿಗೆ ಹೋದರು. ಬೂತಿಗೆ ಒಂದರ ಹಿಂದೆ ಒಂದು ದಪ್ಪ ಬಾಗಿಲು ಎರಡು. ಅವು ಮುಚ್ಚಿದರೆ ಒಳಗೆ ಗುಂಡು ಹಾರಿದರೂ ಹೊರಗೆ ಕೇಳದು, ಮೈಕಿನಿಂದ ಸ್ಪೀಕರಿಗೆ ಬಂದದ್ದಷ್ಟೇ ನಮಗೆ. ಒಳಗೊಂದು ಮಂದ ಹಳದಿ ದೀಪ, ಮೈಕು, ನನ್ನ ಹಾಳೆಗಳನ್ನು ಹೊತ್ತ ಒಂದು ಸ್ಟ್ಯಾಂಡು. ಹೊರಗೆ ಬಾಗಿಲ ಮೇಲೆ ಕೆಂಪು ದೀಪ. ಅದು ಹತ್ತಿದ ಮೇಲೆ ಯಾರೂ ಬಾಗಿಲು ಮುಟ್ಟಬಾರದು. ಅಕ್ಕ ತನ್ನ ಸ್ವಂತ ಅತ್ತೆಯನ್ನೂ ಆ ಕೆಂಪು ದೀಪದ ಕೆಳಗೆ ಕಾಯಿಸಿದವಳು.

ದೀಪ ಹತ್ತಿತು.

ಏನು ಹೇಳಲಿ. ಭಾವನ ಬಾಯಲ್ಲಿ ನನ್ನ ಮಾತುಗಳು ನನ್ನವೇ ಅನ್ನಿಸಲಿಲ್ಲ. ಸೇನಾಧಿಪತಿ ಮಗನನ್ನು ಕರೆದ, ಕುದುರೆಗೆ ನೀರು ಕೊಟ್ಟಿರಾ ಎಂದು ಕೇಳಿದ, ತಾನು ಸೋತ ಯುದ್ಧಗಳನ್ನು ಒಂದೊಂದಾಗಿ ಹೆಸರಿಸಿ ನಕ್ಕ. ದವಡೆಯ ಸೇಬು ಮಾತಿಗೆ ರಕ್ತದ ತೂಕ ಕೊಡುತ್ತಿತ್ತು. ಅಕ್ಕ ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. ನಾನು ನನಗರಿವಿಲ್ಲದೆ ಭಾವನ ಜೊತೆ ಜೊತೆಗೇ ತುಟಿ ಆಡಿಸುತ್ತಿದ್ದೆ.

ಕೊನೆಯ ಮಾತು ಮುಗಿಯಿತು. ಸೇನಾಧಿಪತಿ ದೊಡ್ಡದಾಗಿ ಉಸಿರೆಳೆದುಕೊಂಡ. ಪರದೆಯ ಮೇಲೆ ಅವನ ತಲೆ ಪಕ್ಕಕ್ಕೆ ವಾಲಿತು. ಸತ್ತ.

ಭಾವ ಸಾಯುವುದನ್ನು ನಿಲ್ಲಿಸಲಿಲ್ಲ.

ಎರಡೂ ಕೈಗಳನ್ನು ಗಂಟಲಿಗೆ ತಂದರು. ಕಣ್ಣು ಅಗಲವಾಯಿತು. ಬಾಯಿ ತೆರೆದಿತ್ತು, ಅದರಿಂದ ಏನೂ ಬರಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಎಷ್ಟೋ ಸಲ ನೋಡಿದ್ದ ಅದೇ ಭಂಗಿ, ಆದರೆ ಇವತ್ತು ಇನ್ನೂ ಹದವಾಗಿ. ನಿರ್ದೇಶಕರು ಮುಂದಕ್ಕೆ ಬಾಗಿ ಪಿಸುಗುಟ್ಟಿದರು: "ಪಾತ್ರ ಸತ್ರೂ ಇವರು ಬಿಡ್ತಿಲ್ಲ ನೋಡಿ. ಆ ಮೌನ ನೋಡಿ. ಫ್ಲೋ ಅಂದ್ರೆ ಇದು."

ಅಕ್ಕ ಅವರ ಮುಖ ನೋಡಿ ತಲೆದೂಗಿದಳು. ಅಕ್ಕನ ತಲೆ ಆಡಿದ್ದು ನೋಡಿ ನಾನೂ ಆಡಿಸಿದೆ. ನನಗೆ ಒಂದು ಕ್ಷಣ ಏನೋ ಅನುಮಾನ ಬಂದು ಕುರ್ಚಿಯಿಂದ ಅರ್ಧ ಎದ್ದಿದ್ದೆ. ನಿರ್ದೇಶಕರು ನನ್ನ ಮೊಣಕಾಲ ಮೇಲೆ ಕೈಯಿಟ್ಟು ಕೂರಿಸಿದರು. ಕೂತೆ. ಇಬ್ಬರು ತಿಳಿದವರು ಮುಗುಳ್ನಗುತ್ತಿರುವಾಗ ಮೂರನೆಯವನು ಹೇಗೆ ಏಳುತ್ತಾನೆ?

"ಉಸಿರಿಲ್ಲ," ಅಂದಳು ಕಿವಿ.

ನಿರ್ದೇಶಕರು ತುಟಿಯ ಮೇಲೆ ಬೆರಳಿಟ್ಟರು. ಅವಳು ಅವರ ಕಡೆ ನೋಡಿದರಲ್ಲವೇ ಬೆರಳು ಕಾಣುವುದು.

"ಸರ್‌ಗೆ ಉಸಿರಿಲ್ಲ," ಅಂದವಳು ತೊಡೆಯ ಕೆಳಗಿಂದ ಒಂದು ಕೈ ಎಳೆದು ಟೇಕ್ ನಿಲ್ಲಿಸಿದಳು.

ಕೆಂಪು ದೀಪ ಆರಿತು. ದೀಪ ಆರಿದರೆ ಭಾವ ಎಂಥ ಸಾವಿನಿಂದಲೂ ಎದ್ದುನಿಂತು, ಸೊಂಟ ಬಗ್ಗಿಸಿ ನಮಗೆ ನಮಸ್ಕಾರ ಮಾಡುವವರು. ನಾವು ಮೂವರೂ ಅದಕ್ಕಾಗಿ ಕಾದೆವು. ಭಾವ ನಮಸ್ಕಾರ ಮಾಡಲಿಲ್ಲ. ಸ್ಟ್ಯಾಂಡನ್ನು ಹಿಡಿಯಲು ಹೋಗಿ ಅದರ ಸಮೇತ ಗೋಡೆಗೆ ಒರಗಿದರು. ನನ್ನ ಹಾಳೆಗಳು ಅವರ ಕಾಲ ಸುತ್ತ ಚೆಲ್ಲಿದವು.

ನಾನು ಕುರ್ಚಿಯ ಕೈ ಹಿಡಿದು ಏಳಲು ನೋಡುತ್ತಿದ್ದೆ. ಕಿವಿ ಆಗಲೇ ಎರಡನೇ ಬಾಗಿಲಲ್ಲಿದ್ದಳು. ಭಾವನ ಬೆನ್ನಿಗೆ ಅಂಗೈಯಿಂದ ಜೋರಾಗಿ ಹೊಡೆದಳು, ಮತ್ತೆ ಹೊಡೆದಳು. ಆಗಲಿಲ್ಲ. ಅವರ ಸುತ್ತಳತೆಗೆ ಅವಳ ತೋಳು ಸಾಲುವಂತಿರಲಿಲ್ಲ. ತಿರುಗಿ ಅಕ್ಕನನ್ನು ಕರೆದಳು, ಸ್ಟುಡಿಯೋದ ಒಡತಿಯನ್ನು, ಏಕವಚನದಲ್ಲಿ:

"ನೀನು ಬಾ. ಹಿಂದಿನಿಂದ ತಬ್ಬಿಕೋ. ಮುಷ್ಟಿ ಹೊಕ್ಕಳಿಗಿಂತ ಸ್ವಲ್ಪ ಮೇಲಿಡು. ಒಳಗೆ ಒತ್ತಿ ಮೇಲಕ್ಕೆ ಎಳಿ. ಅಳೋದು ಆಮೇಲೆ. ಎಳಿ."

ಅಕ್ಕ ಎಳೆದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ನಮ್ಮೆದುರು ಗಂಡನ ಕೈಬೆರಳೂ ಹಿಡಿಯದ ಅಕ್ಕ, ಭಾವನನ್ನು ಅಪ್ಪಿ ನೆಲದಿಂದ ಎತ್ತಿಯೇಬಿಟ್ಟಳು. "ಇನ್ನೊಂದು ಸಲ," ಅಂದಳು ಕಿವಿ. ಅಕ್ಕ ಮತ್ತೆ ಎಳೆದಳು. ಏನೋ ಪಟ್ಟೆಂದು ಹಾರಿ ಗಾಜಿಗೆ ಬಡಿಯಿತು, ನಿರ್ದೇಶಕರ ಮೂಗಿನ ನೇರಕ್ಕೆ. ಸೇಬಿನ ಹೋಳು ಗಾಜಿನ ಮೇಲೆ ನಿಧಾನವಾಗಿ ಜಾರಿ ಕೆಳಗಿಳಿಯಿತು. ನಿರ್ದೇಶಕರ ಕಣ್ಣು ಅದರ ಜೊತೆಗೇ ಇಳಿಯಿತು.

ಆಮೇಲೆ ಬಂತು ಉಸಿರು. ಹಳೆಯ ಬಾಗಿಲು ತೆರೆದಂಥ ಸದ್ದು. ಭಾವನ ಬಾಡಿಗೆದಾರರಲ್ಲಿ ಯಾರೂ ಅಂಥ ಸದ್ದು ಮಾಡಿದ್ದಿಲ್ಲ.

ಅವರನ್ನು ಹೊರಗೆ ತಂದು ಕೂರಿಸಿದೆವು. ಬೆಳಕಿಗೆ ಬಂದ ಮೇಲೇ ಗೊತ್ತಾದದ್ದು ಮುಖ ನೀಲಿಗಟ್ಟಿತ್ತೆಂದು. ಬೂತಿನ ಹಳದಿ ದೀಪದಲ್ಲಿ ಅದೂ ಕಂಡಿರಲಿಲ್ಲ. ಅಕ್ಕ ಅವರ ಅಂಗಿಯ ಗುಂಡಿಗಳನ್ನು ಬಿಚ್ಚುತ್ತ, ಹಾಕುತ್ತ, ಮತ್ತೆ ಬಿಚ್ಚುತ್ತ ಇದ್ದಳು. ನಾನು ನೀರು ತರಲು ಹೋಗಿ ಖಾಲಿ ಲೋಟ ತಂದೆ.

ಭಾವನ ಮೊದಲ ಮಾತು ಕಿವಿಗೆ. ದನಿ ಉಪ್ಪುಕಾಗದದಂತಿತ್ತು. "ಟೇಕ್ ಹೇಗೆ ಬಂತಮ್ಮ?"

"ಮಾತೆಲ್ಲ ಚೆನ್ನಾಗಿ ಬಂದಿದೆ ಸರ್. ಸತ್ತ ಮೇಲೆ ಏನೂ ಬಂದಿಲ್ಲ."

ನಿರ್ದೇಶಕರು ತುಟಿ ಒದ್ದೆ ಮಾಡಿಕೊಂಡು, ಕಸುಬು ಯಾರನ್ನು ಬಿಟ್ಟೀತು, ಮೆಲ್ಲಗೆ ಕೇಳಿದರು: "ಸಾಯೋವರೆಗಿನ ಭಾಗ... ಅದನ್ನ ಉಪಯೋಗಿಸಬಹುದಾ ಹಾಗಾದ್ರೆ?"

ಅಕ್ಕ ಅವರನ್ನು ನೋಡಿದ ನೋಟಕ್ಕೆ ನಾನು ಹಿಂದೆ ಸರಿದೆ.

"ಅದರ ಕೊನೇ ಉಸಿರು ಸರ್ ಅವರದ್ದು," ಅಂದಳು ಕಿವಿ. "ಸೇನಾಧಿಪತಿದಲ್ಲ. ಅವರೇ ನಿಜವಾಗಿ ಎಳ್ಕೊಂಡಿದ್ದು, ಅದರ ಜೊತೆನೇ ಸೇಬು ಗಂಟಲಿಗೆ ಹೋಯ್ತು. ಅವರನ್ನೇ ಕೇಳಿ."

ಒಳ್ಳೆಯ ಟೇಕಿಗಾಗಿ ಭಾವ ಹಲ್ಲು ಕೀಳಿಸಿಕೊಳ್ಳಲೂ ಹೇಸದ ಮನುಷ್ಯ. ಖಂಡಿತ ಹೂಂ ಅನ್ನುತ್ತಾರೆ, ಜೊತೆಗೊಂದು ಚಟಾಕಿ ಹಾರಿಸುತ್ತಾರೆ ಎಂದುಕೊಂಡೆ. ಅವರು ನೆಲ ನೋಡುತ್ತ ಬೇಡವೆಂದು ತಲೆಯಾಡಿಸಿದರು. "ಅಳಿಸಿಬಿಡಮ್ಮ. ನನಗೆ ಕೇಳಿಸಬೇಡ."

ಕಿವಿ ಅಳಿಸಿದಳು. ಆಮೇಲೆ ತನ್ನ ಹೆಡ್‌ಫೋನಿನ ವೈರು ಸುತ್ತಿ, ಚೀಲಕ್ಕೆ ಹಾಕಿ, ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ನಡೆದಳು.

"ಎಲ್ಲಿಗೆ?" ಅಂದಳು ಅಕ್ಕ.

"ಮನೆಗೆ."

"ಯಾಕೆ?"

"ನಿಲ್ಲಿಸಿದ್ರೆ ಇವತ್ತೇ ಕೊನೆ ಅಂದ್ರಿ. ನಿಲ್ಲಿಸಿದೆ."

ಆ ದಿನದ ಎಲ್ಲ ಆಘಾತಗಳಲ್ಲಿ ನನ್ನನ್ನು ಹೆಚ್ಚು ಅಲುಗಿಸಿದ್ದು ಇದೇ. ಅವಳಿಗೆ ಆ ಷರತ್ತು ಮರೆತಿರಲಿಲ್ಲ. ಗಾಬರಿಯಲ್ಲಿ ಕೈ ತಾನಾಗಿ ಹೋದದ್ದೂ ಅಲ್ಲ. ಸದ್ದಿಲ್ಲದ ಆ ರೂಮು ಹೋಯಿತೆಂದು ಪೂರ್ತಿ ಗೊತ್ತಿದ್ದೇ ಗುಂಡಿ ಒತ್ತಿದ್ದಳು, ಈಗ ಗೊತ್ತಿದ್ದೇ ಹೊರಟಿದ್ದಳು. ಯಾರ ಮೇಲೂ ಕೋಪವಿರಲಿಲ್ಲ.

ಅಕ್ಕ ಓಡಿಹೋಗಿ ಅಡ್ಡ ನಿಂತಳು. "ಹುಚ್ಚು ಹುಡುಗಿ, ನನ್ನ ಗಂಡನ ಜೀವ ಉಳಿಸಿದ್ದೀಯ. ನಿನ್ನ ಕೆಲಸಕ್ಕೆ ಯಾರು ಕೈ ಹಾಕ್ತಾರೆ?"

"ಉಪಕಾರಕ್ಕೆ ಕೆಲಸ ಬೇಡ ಮೇಡಂ."

"ಏನಂದೆ?"

"ಉಪಕಾರ ಸ್ವಲ್ಪ ದಿನಕ್ಕೆ ಹಳೇದಾಗುತ್ತೆ. ಮುಂದೆ ಯಾವತ್ತೋ ಸರ್ ಹೊಟ್ಟೆ ಗುರ್ ಅನ್ನುತ್ತೆ, ನಾನು ನಿಲ್ಲಿಸ್ತೀನಿ. ಆಗ ಮತ್ತೆ ಹಕ್ಕಿ ವಿಷಯ ಹೇಳ್ತೀರಿ." ಕೊನೆಯ ಮಾತು ನನಗೆ ತಗುಲಿತು. "ಇವತ್ತಿಂದು ಬಿಡಿ. ಅದಕ್ಕೆ ಮೊದಲು ನಿಲ್ಲಿಸಿದ್ದು ಸರಿನಾ ತಪ್ಪಾ, ಅದು ಹೇಳಿ."

ಅಕ್ಕ ಉತ್ತರಿಸುವ ಮೊದಲು ನಿರ್ದೇಶಕರು ಮಾತಾಡಿದರು. ಅವರ ಕಣ್ಣು ಇನ್ನೂ ಗಾಜಿನ ಮೇಲಿನ ಒದ್ದೆ ಗೆರೆಯ ಮೇಲಿತ್ತು. "ನನಗೊಂದು ಅರ್ಥ ಆಗ್ತಿಲ್ಲಮ್ಮ. ನಾವು ಮೂರು ಜನ ಇಲ್ಲೇ ಕೂತಿದ್ದೆವು. ಕಣ್ಣೆದುರೇ ಇದ್ರು. ನಮಗ್ಯಾಕೆ ಕಾಣಲಿಲ್ಲ?"

"ನೀವು ಒಬ್ಬರ ಮುಖ ಒಬ್ಬರು ನೋಡ್ತಿದ್ರಿ ಸರ್," ಅಂದಳು ಕಿವಿ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವರಿಗೆ ಹೇಳುವಂತೆ. "ಎಲ್ಲರ ಮುಖದಲ್ಲೂ ಚೆನ್ನಾಗಿದೆ ಅಂತ ಇತ್ತು ಅನ್ಸುತ್ತೆ. ನನಗೆ ಮುಖ ಓದೋಕೆ ಬರಲ್ಲ. ಸರ್ ಉಸಿರು ಒಂದೇ ಕೇಳಿಸ್ತಿತ್ತು. ಸರ್ ಎಂಥ ಸಾವು ಸತ್ರೂ ನಡುವೆ ಕದ್ದು ಉಸಿರು ತಗೋತಾರೆ, ಮೂಗಿನ ಎಡಗಡೆಯಿಂದ. ಇವತ್ತು ತಗೊಳ್ಳಲಿಲ್ಲ."

ಭಾವ ತಮ್ಮ ಮೂಗನ್ನು ಮುಟ್ಟಿ ನೋಡಿಕೊಂಡರು. ನಿರ್ದೇಶಕರು ನನ್ನ ಮೊಣಕಾಲನ್ನು, ಆಗ ಅದರ ಮೇಲೆ ಇಟ್ಟಿದ್ದ ತಮ್ಮ ಕೈಯನ್ನು ನೋಡಿ, ಕೈಯನ್ನು ಜೇಬಿಗೆ ಸೇರಿಸಿದರು.

ಅಕ್ಕ ಈಗ ಅವರ ಎದುರೇ, ಗಿರಾಕಿಯ ಎದುರೇ ಹೇಳಿದಳು: "ಸರಿನೇ ಇತ್ತು. ನೀನು ನಿಲ್ಲಿಸಿದ್ದು ಪ್ರತಿಯೊಂದೂ ಸರಿಯಾಗಿತ್ತು. ನನಗೆ ಮೊದಲಿಂದ್ಲೂ ಗೊತ್ತಿತ್ತು. ಇವರ ಮುಖ ನೋಡಿ ಸುಮ್ಮನಿದ್ದೆ." ನಿರ್ದೇಶಕರು ಮೂಗಿನಲ್ಲಿ ಉಸಿರೆಳೆದುಕೊಂಡರು, ಬರುತ್ತದೆ ಫ್ಲೋ ಎಂದು ನಾನು ಕಾದೆ. ಬರಲಿಲ್ಲ. ಅಕ್ಕ ಮುಂದುವರಿಸಿದಳು. "ಇನ್ಮೇಲೆ ನಿಲ್ಲಿಸೋದು ನಿನ್ನದು. ಯಾರನ್ನೂ ಕೇಳಬೇಡ. ನಾನು ಬೇಡ ಅಂದ್ರೂ ಕೇಳಬೇಡ."

"ಬೇಡ ಅಂದ್ರೂ ನಿಲ್ಲಿಸಬಹುದು?"

"ನಿಲ್ಲಿಸಬಹುದು."

"ಯಾವಾಗ್ಲೂ?"

"ಯಾವಾಗ್ಲೂ. ಬೆಂಕಿ ಬಿದ್ರೂ ನಿಲ್ಲಿಸು, ಬೀಳದಿದ್ರೂ ನಿಲ್ಲಿಸು. ಯಾವುದೋ ರೂಮ್ ಅಂದ್ಯಂತಲ್ಲ, ಸಂಜೆ ನಾನೇ ಬರ್ತೀನಿ, ಆ ಮನೆಯವರ ಹತ್ರ ಮಾತಾಡ್ತೀನಿ."

ಕಿವಿ ಚೀಲದ ಪಟ್ಟಿ ಸರಿಮಾಡಿಕೊಂಡಳು. "ನೀವು ತುಂಬ ಜೋರಾಗಿ ಮಾತಾಡ್ತೀರಿ ಮೇಡಂ. ಅಲ್ಲಿ ಜೋರಾಗಿ ಮಾತಾಡೋರಿಗೆ ಕೊಡಲ್ಲ."

"ಮೆಲ್ಲಗೆ ಮಾತಾಡ್ತೀನಿ," ಅಂದಳು ಅಕ್ಕ, ನಾನು ಹುಟ್ಟಿದಾಗಿನಿಂದ ಕೇಳದಷ್ಟು ಮೆಲ್ಲಗೆ. ಹೇಳುತ್ತಿದ್ದಂತೆ ಅವಳಿಗೆ ಅಳು ಬಂತು. ಕಿವಿ ಚೀಲ ಇಳಿಸಿ ಕುರ್ಚಿಯ ಮೇಲಿಟ್ಟಳು.

ಡಾಕ್ಟರು ಭಾವನ ಗಂಟಲು ನೋಡಿ, ಗಾಯವೇನೂ ಆಗಿಲ್ಲ, ಕೆಲವು ದಿನ ಮಾತಾಡಬೇಡಿ ಎಂದರು. ಆ ದಿನಗಳಲ್ಲಿ ಮನೆ ಮನೆಯಂತಿರಲಿಲ್ಲ. ಸಕ್ಕರೆ ಕಡಿಮೆಯಾದ ಕಾಫಿಯನ್ನು ಭಾವ ತೆಪ್ಪಗೆ ಕುಡಿದರು. ಅವರು ಸಾಯದಿದ್ದುದನ್ನು ನೋಡಿ ಅಕ್ಕ ಹೆದರಿದಳು. ಕಿವಿ ಹೊಸ ರೂಮಿಗೆ ಹೋದಳು. ಸಾಮಾನು ಸಾಗಿಸಲು ಹೋದ ನನ್ನನ್ನು, ಚಪ್ಪಲಿ ಸದ್ದು ಮಾಡುತ್ತದೆಂದು, ಬಾಗಿಲಲ್ಲೇ ನಿಲ್ಲಿಸಿದಳು.

ಸೇನಾಧಿಪತಿಯ ಸಾವು ಮಾತ್ರ ಬಾಕಿ ಉಳಿದಿತ್ತು. ನಿರ್ದೇಶಕರು ಬಂದರು, ಮೂಲೆಯ ಕುರ್ಚಿಯಲ್ಲಿ ಕೂತರು. ಅಕ್ಕ ಭಾವನ ಬಾಯಿ ತೆರೆಸಿ ದವಡೆ ಪರೀಕ್ಷಿಸಿ ಒಳಗೆ ಬಿಟ್ಟಳು. ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿದವು. ಕೆಂಪು ದೀಪ ಹತ್ತಿತು. ಭಾವ ಮಗನನ್ನು ಕರೆದರು, ಕುದುರೆಯನ್ನು ಕೇಳಿದರು, ಸೋತ ಯುದ್ಧಗಳನ್ನು ಹೇಳಿದರು. ಸೇಬಿಲ್ಲದೆ ದನಿ ತೆಳುವಾಗಿತ್ತು, ಹಾಗಾಗಿಯೋ ಏನೋ ಮುದುಕ ಇನ್ನಷ್ಟು ಮುದುಕನಾಗಿ ಕೇಳಿದ. ಕೊನೆಯ ಮಾತಿಗೆ ಬಂದು ಭಾವ ನಿಂತುಬಿಟ್ಟರು. ಪರದೆಯ ಮೇಲೆ ಸೇನಾಧಿಪತಿ ಒಬ್ಬನೇ, ದನಿಯಿಲ್ಲದೆ, ಸತ್ತ. ಭಾವ ಮೈಕಿನ ಕಂಬವನ್ನು ಹಿಡಿದುಕೊಂಡಿದ್ದರು.

ಕಿವಿ ಟೇಕ್ ನಿಲ್ಲಿಸಲಿಲ್ಲ. ಹೆಡ್‌ಫೋನನ್ನು ಒತ್ತಿಕೊಂಡು ಕೂತಿದ್ದಳು.

ಭಾವ ಮೈಕಿಗೆ ಬಾಗಿ, ಸೇನಾಧಿಪತಿಯದಲ್ಲದ, ರಾಜರದಲ್ಲದ, ವಕೀಲರದಲ್ಲದ ದನಿಯಲ್ಲಿ ಕೇಳಿದರು: "ಅಮ್ಮಾ, ಉಸಿರು ಕೇಳಿಸ್ತಿದ್ಯಾ?"

ಅವಳು ಗುಂಡಿ ಅದುಮಿದಳು. "ಕೇಳಿಸ್ತಿದೆ ಸರ್."

"ಕೇಳ್ತಾ ಇರ್ತೀಯ?"

"ಅದೇ ನನ್ನ ಕೆಲಸ."

"ಹಾಗಾದ್ರೆ ಸಾಯ್ತೀನಿ," ಅಂದರು ಭಾವ.